ಅಸದುಲ್ಲಾ ಸಾಬರ ಉಗುರು

ಅಲ್ಲಾ ಸ್ವಾಮಿ, ಮಂಡ್ಯದ ಗುತ್ತಲು ರಸ್ತೆಗೆ ಸ್ಪೋರ್ಟ್ಸ್ ಕಾರು ಬಂದಿತ್ತು ಅಂದರೆ ಯಾರಾದರೂ ನಂಬುತ್ತಾರಾ? ಕಬ್ಬಿನ ಲಾರಿ, ಟ್ರ್ಯಾಕ್ಟರು, ಗೂಡ್ಸ್ ಆಟೋ, ಹಾಲಿನ ವ್ಯಾನು, ಇವುಗಳ ಹೊಗೆ ಕುಡಿದುಕೊಂಡು ಬಿದ್ದಿರುವ ರಸ್ತೆ ಅದು. ಅಲ್ಲಿಗೆ ಒಂದು ಬುಧವಾರ ಬೆಳಿಗ್ಗೆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಉಜ್ಜುವಷ್ಟು ತಗ್ಗಾದ ಕೆಂಪು ಕಾರೊಂದು ಹಿಂದೆ ನೀಲಿ ಹೊಗೆ ಬಿಟ್ಟುಕೊಂಡು, ಒಳಗೆ ಟಕಟಕ ಬಡಿದುಕೊಂಡು ಬಂದು ಅಸದುಲ್ಲಾ ಸಾಬರ ಗ್ಯಾರೇಜಿನ ಮುಂದೆ ನಿಂತಿತು. ಟೀ ಅಂಗಡಿಯ ಬೆಂಚಿನ ಮೇಲಿದ್ದವರೆಲ್ಲ ಲೋಟ ಹಿಡಿದುಕೊಂಡೇ ಎದ್ದುಬಂದರು.

"ಯಾವ್ದೋ ಸಿನಿಮಾ ಸೂಟಿಂಗ್ ಕಣ್ಲಾ," ಎಂದ ಒಬ್ಬ.

ಇಳಿದದ್ದು ಹೀರೋನೂ ಅಲ್ಲ, ಹೀರೋಯಿನ್ನೂ ಅಲ್ಲ. ಮಳವಳ್ಳಿಯ ಹೈಸ್ಕೂಲೊಂದರ ಪೀಟಿ ಮೇಡಮ್ಮು ನಯನ. ಟ್ರ್ಯಾಕ್ ಪ್ಯಾಂಟು, ಕತ್ತಿನಲ್ಲಿ ಸೀಟಿ, ವಯಸ್ಸು ಮೂವತ್ತಾರು. ಮೈಸೂರಿನಲ್ಲಿ ಯಾರದೋ ಶೆಡ್ಡಿನಲ್ಲಿ ಹತ್ತು ವರ್ಷ ಕೋಳಿಗಳು ಮಲಗುತ್ತಿದ್ದ ಆ ಜಪಾನಿನ ಕಾರನ್ನು ತಂದು, ಸಂಬಳ ಬಂದಾಗಲೆಲ್ಲ ಒಂದೊಂದು ಭಾಗ ಹಾಕಿಸಿ ಎಬ್ಬಿಸಿ ನಿಲ್ಲಿಸಿದ್ದಳು. ಮೈಸೂರಿನ ಮಣ್ಣಿನ ಮೈದಾನದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾರು ಓಟದಲ್ಲಿ ಎರಡು ಸಲ ಎರಡನೆಯವಳಾಗಿದ್ದಳು. ಈ ಸಲ ಗೆದ್ದೇ ತೀರಬೇಕೆಂಬ ಹಟ. ಓಟಕ್ಕೆ ಇನ್ನು ಏಳು ವಾರವಿತ್ತು.

"ಚಾಚಾ, ಇಂಜಿನ್ ಕಥೆ ಮುಗೀತಾ ಅದೆ. ರಿಪೇರಿ ಮಾಡ್ತೀರೋ, ಪೂರ್ತಿ ಬಿಚ್ಚಿ ಹೊಸ್ದಾಗಿ ಕಟ್ತೀರೋ, ಇಲ್ಲಾ ಎತ್ತಿ ಬಿಸಾಕಿ ಬೇರೆ ಇಂಜಿನ್ ಕೂರಿಸ್ತೀರೋ, ಎಲ್ಲಾ ನಿಮ್ಗೆ ಬುಟ್ಟಿದ್ದು. ಎಷ್ಟು ಖರ್ಚಾದ್ರೂ ಸರಿ. ನೀವು ಹೇಳ್ದಂಗೆ," ಎಂದಳು.

"ಮೊದ್ಲು ಟೀ ಕುಡಿಯಮ್ಮ. ಇಂಜಿನ್ ಬಿಚ್ಚಿ ನೋಡ್ದೆ ಹೇಳೋಕೆ ನಾನೇನ್ ಗಿಣಿ ಶಾಸ್ತ್ರದವ್ನಾ?" ಎಂದರು ಸಾಬರು.

ಅಸದುಲ್ಲಾ ಸಾಬರಿಗೆ ಅರವತ್ತೊಂದು. ಅದರಲ್ಲಿ ನಲವತ್ತೆರಡು ವರ್ಷ ಇಂಜಿನ್ನಿನ ಎಣ್ಣೆಯಲ್ಲೇ ಕೈ ಅದ್ದಿ ಕಳೆದದ್ದು. ಮಂಡ್ಯ, ಮದ್ದೂರು, ಮಳವಳ್ಳಿ, ಮೂರು ಊರಿನಲ್ಲೂ ಅವರ ಹೆಸರಿಗಿಂತ ಅವರ ಉಗುರಿನ ಹೆಸರು ದೊಡ್ಡದು. ಇಂಜಿನ್ನಿನ ಹೊಟ್ಟೆಯೊಳಗೆ ಕ್ರ್ಯಾಂಕ್ ಎಂಬ ಉಕ್ಕಿನ ದಿಂಡು ಇರುತ್ತದೆ. ಪಿಸ್ಟನ್ನುಗಳೆಲ್ಲ ಮೇಲೆ ಕೆಳಗೆ ಕುಣಿದು ತಿರುಗಿಸುವುದು ಅದನ್ನೇ. ಆ ದಿಂಡು ಸವೆದಿದ್ದರೆ ಲೇತ್ ಅಂಗಡಿಗೆ ಕೊಟ್ಟು ತಿಕ್ಕಿಸಿ ಇಂಜಿನ್ನನ್ನು ಬುಡದಿಂದ ಕಟ್ಟಬೇಕು. ಸವೆದಿಲ್ಲವಾದರೆ ರಿಂಗು, ಬೇರಿಂಗು ಬದಲಾಯಿಸಿದರೆ ಸಾಕು. ಬೇರೆಯವರು ಇದನ್ನು ಅಳತೆಯ ಸಾಮಾನು ಹಿಡಿದು ನೋಡುತ್ತಾರೆ. ಸಾಬರು ಕಣ್ಣು ಮುಚ್ಚಿ, ಬಿಸ್ಮಿಲ್ಲಾ ಎಂದು, ಬಲಗೈ ಹೆಬ್ಬೆರಳಿನ ಉಗುರನ್ನು ಉಕ್ಕಿನ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಕೂದಲೆಳೆಯ ಗೆರೆ ಇದ್ದರೂ ಉಗುರು ತಡೆದು ನಿಲ್ಲುತ್ತಿತ್ತು. ಲೇತ್ ಅಂಗಡಿಯವರೇ ತಮ್ಮ ಅಳತೆಯ ಮೇಲೆ ಅನುಮಾನ ಬಂದರೆ "ಸಾಬ್ರ ಉಗುರು ಏನಂತು?" ಎಂದು ಕೇಳಿ ಕಳಿಸುತ್ತಿದ್ದರು.

ಇಂಜಿನ್ ಇಳಿಸಿ ಬಿಚ್ಚಿದ್ದು ಅಕೀಲ್. ಸಾಬರ ತಂಗಿಯ ಮಗ, ಎರಡು ಮಕ್ಕಳ ತಂದೆ, ಹನ್ನೊಂದು ವರ್ಷದಿಂದ ಅದೇ ಗ್ಯಾರೇಜಿನಲ್ಲಿ ದುಡಿಯುತ್ತಿದ್ದವನು. ಮಾವ ಅಳಿಯಂದಿರ ಮನೆಮಾತು ಉರ್ದುವೇ ಆದರೂ ಗ್ಯಾರೇಜಿನ ಬಾಗಿಲೊಳಗೆ ಬೈಗುಳವೂ ಬುದ್ಧಿಮಾತೂ ಕನ್ನಡದಲ್ಲೇ. ಅಕೀಲ್ ಕ್ರ್ಯಾಂಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮರದ ಹಲಗೆಯ ಮೇಲಿಟ್ಟ. ಸಾಬರು ಕಣ್ಣು ಮುಚ್ಚಿ ಉಗುರು ಎಳೆದರು. ಒಂದನೇ ಕಡೆ ನುಣುಪು. ಎರಡನೇ ಕಡೆ ನುಣುಪು. ಮೂರು, ನಾಲ್ಕು, ಐದು, ಎಲ್ಲ ಕಡೆಯೂ ಗಾಜಿನಷ್ಟು ನುಣುಪು.

"ಸುಭಾನಲ್ಲಾ! ಇಪ್ಪತ್ತೈದು ವರ್ಷ ಆದ್ರೂ ಒಂದು ಗೆರೆ ಬಿದ್ದಿಲ್ಲ ನೋಡ್ಲಾ," ಎಂದು ಸಾಬರು ಹಿಗ್ಗಿದರು. "ಜಪಾನಿನವ್ರ ಉಕ್ಕು ಅಂದ್ರೆ ಸುಮ್ನೇನಾ? ಇದನ್ನ ಲೇತ್‌ಗೆ ಕೊಟ್ಟು ತಿಕ್ಸೋದು ಪಾಪ ಕಣ್ಲಾ. ರಿಂಗು ಹಾಕು, ಬೇರಿಂಗು ಹಾಕು, ಮುಚ್ಚು."

ಅಕೀಲ್ ಮುಚ್ಚಲಿಲ್ಲ. ತಲೆ ಕೆರೆದುಕೊಂಡು ನಿಂತ.

"ಮಾಮೂ, ಮೂರನೇದ್ರಲ್ಲಿ ಗೆರೆ ಕಾಣ್ತದೆ."

"ಕಣ್ಣಿಗೆ ಕಂಡ್ರೆ ಗೆರೆ ಅಲ್ಲ ಕಣ್ಲಾ. ಉಗುರಿಗೆ ಸಿಗ್ಬೇಕು."

"ನನ್ನ ಉಗುರಿಗೂ ಸಿಗ್ತು ಮಾಮೂ. ಮೈಕ್ರೋಮೀಟರಲ್ಲೂ ನೋಡ್ದೆ, ಮೂರನೇದು ಸವೆದದೆ, ಒಂದು ಪಕ್ಕ ಜಾಸ್ತಿ."

ಆ ಮೈಕ್ರೋಮೀಟರನ್ನು ಅಕೀಲ್ ಹೋದ ವರ್ಷ ತನ್ನ ದುಡ್ಡಿನಲ್ಲೇ ಕೊಂಡಿದ್ದ. ಅದರ ಡಬ್ಬಿ ಕಂಡರೇ ಸಾಬರಿಗೆ ಮೈ ಉರಿಯುತ್ತಿತ್ತು. ತಮ್ಮ ಬೆರಳಿನ ಪಕ್ಕ ಯಾರೋ ಸಾಕ್ಷಿ ಕೂರಿಸಿದ ಹಾಗೆ ಅವರಿಗೆ ಅವಮಾನ. ಅದಕ್ಕೇ ಅಕೀಲ್ ಅದನ್ನು ಹೊರಗೆ ತೆಗೆಯುತ್ತಿದ್ದದ್ದೇ ಅಪರೂಪ.

"ಓಹೋ! ಹನ್ನೊಂದು ವರ್ಷಕ್ಕೇ ನಿನಗೂ ಉಗುರು ಬಂತೇನ್ಲಾ? ನನ್ನ ಕೈಲಿ ಸ್ಪ್ಯಾನರ್ ಹಿಡಿಯೋದು ಕಲ್ತವನು ನೀನು. ಅಂಗಡೀಲಿ ತಂದ ಕಬ್ಬಿಣ ಹಿಡ್ಕೊಂಡು ನನಗೆ ಪಾಠ ಹೇಳ್ತೀಯಾ? ಮುಚ್ಚು ಅಂದ್ರೆ ಮುಚ್ಚು!"

ಅಕೀಲ್ ಮುಚ್ಚಿದ. ಒಂದೊಂದು ಬೋಲ್ಟನ್ನೂ ಅಳತೆಗೆ ಸರಿಯಾಗಿ ಬಿಗಿದು, ಬಿಗಿದದ್ದರ ಗುರುತಿಗೆ ಬೋಲ್ಟಿನ ತಲೆಯಿಂದ ಪಕ್ಕದ ಉಕ್ಕಿನವರೆಗೆ ಹಳದಿ ಬಣ್ಣದ ಗೆರೆ ಎಳೆದ. ಹತ್ತನೇ ದಿನ ನಯನ ಬಂದು ಕಾರು ತೆಗೆದುಕೊಂಡು ಹೋದಳು. ಇಂಜಿನ್ ಸದ್ದು ಕೇಳಿ ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಒಂದು ತಿಂಗಳು ಮೆಲ್ಲಗೆ ಓಡಿಸು, ಆಮೇಲೆ ನಿನ್ನಿಷ್ಟ ಎಂದು ಸಾಬರು ಹೇಳಿ ಕಳಿಸಿದರು. ಆ ಸಂಜೆ ಮನೆಗೆ ಹೋಗಿ ಹೆಂಡತಿ ರಹೀಮುನ್ನೀಸಾಳ ಮುಂದೆ, ಪೂರ್ತಿ ಇಂಜಿನ್ ಕಟ್ಟಿಸೋಕೆ ಬಂದ ಹುಡುಗಿಗೆ ಅರ್ಧ ಕೆಲಸದಲ್ಲೇ ಮುಗಿಸಿಕೊಟ್ಟೆ ಎಂದು ಎದೆ ಉಬ್ಬಿಸಿಕೊಂಡರು.

ನಯನ ಹೇಳಿದ ಮಾತು ಮೀರುವವಳಲ್ಲ. ತಿಂಗಳ ಮೇಲೆ ಒಂದು ವಾರ ಜಾಸ್ತಿಯೇ ಮೆಲ್ಲಗೆ ಓಡಿಸಿದಳು. ಓಟಕ್ಕೆ ಎರಡು ದಿನ ಇರುವಾಗ ಒಂದು ಬೆಳಿಗ್ಗೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಎದುರಿಗೆ ಯಾರೂ ಇಲ್ಲದ್ದು ನೋಡಿ, ಮೊದಲ ಸಲ ಇಂಜಿನ್ನಿನ ಪೂರ್ತಿ ಜೋರು ಬಿಟ್ಟಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೂರನೇ ಬೇರಿಂಗು ಸುಟ್ಟು ಹಿಡಿದುಕೊಂಡು, ಪಿಸ್ಟನ್ನಿನ ರಾಡು ಮುರಿದು, ಇಂಜಿನ್ನಿನ ಗೋಡೆ ತೂತು ಮಾಡಿಕೊಂಡು ಹೊರಗೆ ಬಂತು. ಎಣ್ಣೆಯೆಲ್ಲ ಹಿಂದಿನ ಚಕ್ರದ ಕೆಳಗೆ ಸುರಿಯಿತು. ಕಾರು ಎರಡು ಸುತ್ತು ಸುತ್ತಿ ಮೋರಿಯ ಕಟ್ಟೆಗೆ ಅಪ್ಪಳಿಸಿತು. ಗದ್ದೆಯಲ್ಲಿದ್ದವರು ಓಡಿಬಂದು ಬಾಗಿಲು ಮೀಟಿ ಅವಳನ್ನು ಎಳೆದರು. ಜೀವ ಉಳಿಯಿತು. ಎಡಗಾಲಿನ ಮಂಡಿ ನುಚ್ಚುನೂರಾಗಿತ್ತು.

ಸುದ್ದಿ ಗ್ಯಾರೇಜಿಗೆ ಬಂದಾಗ ಟೀ ಅಂಗಡಿಯ ಬೆಂಚು ತುಂಬಿತ್ತು. ಅಷ್ಟು ಜನರ ಮುಂದೆ ಸಾಬರ ಬಾಯಿಗೆ ಮೊದಲು ಬಂದದ್ದು ಏನು ಗೊತ್ತೇ? ಅಕೀಲನ ಹೆಸರು.

"ಬೋಲ್ಟ್ ಬಿಗಿಯೋಕೆ ಬರಲ್ವೇನ್ಲಾ ನಿನಗೆ? ನನ್ನ ಮೇಲಿನ ಸಿಟ್ಟಿಗೆ ಸಡಿಲ ಬುಟ್ಯಾ? ಆ ಹೆಣ್ಣುಮಗು ನಿನಗೇನ್ ಮಾಡಿತ್ತು?"

ಅಯ್ಯೋ, ಅಂಥ ಮಾತು ಆಡಬಹುದೇ! ಅಕೀಲ್ ಎಣ್ಣೆಯ ಅಂಗಿ ಬಿಚ್ಚಿ, ನಾಲ್ಕಾಗಿ ಮಡಿಸಿ, ಬೆಂಚಿನ ಮೇಲಿಟ್ಟು, ಬನಿಯನ್ನಿನಲ್ಲೇ ಬೈಕು ಹತ್ತಿ ಹೋದ. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ. ಮದ್ದೂರಿನ ಲೇತ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದನೆಂದು ಯಾರೋ ಹೇಳಿದರು.

ನಾಲ್ಕನೇ ದಿನ ಪೊಲೀಸರು ಬಿಟ್ಟುಕೊಟ್ಟ ಮೇಲೆ ಕಾರನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಗ್ಯಾರೇಜಿನಲ್ಲಿ ಇಳಿಸಿದರು. ಸಾಬರು ಒಬ್ಬರೇ ಇಂಜಿನ್ ಬಿಚ್ಚಿದರು. ಅಕೀಲ್ ಬಿಗಿದ ಬೋಲ್ಟುಗಳನ್ನು ಹುಡುಕುವುದೇ ಅವರ ಮೊದಲ ಕೆಲಸ. ಒಂದಾದರೂ ಸಡಿಲವಾಗಿರಲಿ ದೇವರೇ ಎಂದು ಬೇಡಿಕೊಂಡರು. ಹಳದಿ ಗೆರೆಗಳು ಎಲ್ಲ ಕಡೆ ಸರಿಯಾಗಿ ಕೂಡಿಕೊಂಡಿದ್ದವು. ಮುರಿದ ರಾಡಿನ ಬೋಲ್ಟುಗಳ ಮೇಲೂ ಗೆರೆ ಕದಲಿರಲಿಲ್ಲ.

ಕ್ರ್ಯಾಂಕನ್ನು ಹೊರಗೆ ತೆಗೆದು ಹಲಗೆಯ ಮೇಲಿಟ್ಟರು. ಮೂರನೇ ಭಾಗ ಕಪ್ಪು ನೀಲಿಯಾಗಿ ಸುಟ್ಟು, ಉತ್ತ ನೆಲದಂತೆ ಕಿತ್ತುಹೋಗಿತ್ತು. ಸಾಬರು ಅಭ್ಯಾಸದಂತೆ ಕಣ್ಣು ಮುಚ್ಚಿ ಉಗುರು ಎಳೆದರು. ನುಣುಪು.

ಕೈ ತಪ್ಪಿ ಎರಡನೇ ಭಾಗದ ಮೇಲೆ ಹೋಗಿರಬೇಕು ಎಂದುಕೊಂಡು ಕಣ್ಣು ಬಿಟ್ಟರು. ಹೆಬ್ಬೆರಳು ಇದ್ದದ್ದು ಮೂರನೇ ಭಾಗದ ನಟ್ಟನಡುವೆ. ಮತ್ತೆ ಕಣ್ಣು ಮುಚ್ಚಿ ಎಳೆದರು. ಮತ್ತೂ ನುಣುಪೇ. ಎಡಗೈಯ ಉಗುರಿನಲ್ಲಿ ಎಳೆದರು, ಅದೂ ಹಾಗೇ ಅಂದಿತು. ಗೋಡೆಯ ಮೊಳೆಗೆ ನೇತು ಹಾಕಿದ್ದ ಅರವನ್ನು ತೆಗೆದುಕೊಂಡರು. ಕಬ್ಬಿಣವನ್ನೇ ತಿಕ್ಕಿ ತಿನ್ನುವ, ಮುಳ್ಳು ಮುಳ್ಳಿನ ದಪ್ಪ ಅರ ಅದು. ಕಣ್ಣು ಮುಚ್ಚಿ ಅದರ ಮೇಲೆ ಉಗುರು ಎಳೆದರು. ಅರವೂ ನುಣುಪಾಗಿತ್ತು.

ಕಣ್ಣು ಬಿಟ್ಟು ನೋಡಿದರೆ ಹೆಬ್ಬೆರಳಿನ ಉಗುರಿನ ತುದಿ ಪುಡಿಯಾಗಿ ಹಲಗೆಯ ಮೇಲೆ ಬಿದ್ದಿತ್ತು. ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಅವರಿಗೆ ಏನೂ ಗೊತ್ತಾಗಿರಲಿಲ್ಲ.

ಮಧ್ಯಾಹ್ನ ರಹೀಮುನ್ನೀಸಾ ಊಟದ ಕ್ಯಾರಿಯರ್ ಹಿಡಿದು ಬಂದಾಗ ಸಾಬರು ಟೈರಿನ ಮೇಲೆ ಕೂತಿದ್ದರು. ರಕ್ತ ನೋಡಿ ಅವಳು ಗಾಬರಿಯಾಗಿ ಸೆರಗಿನಿಂದ ಬೆರಳು ಒತ್ತಿ ಹಿಡಿದಳು.

"ಆ ಬೆರಳು ಬುಡು. ಬೇರೆ ಬೆರಳುಗಳನ್ನ ಒಂದೊಂದಾಗಿ ಒತ್ತು. ನಾನು ಕಣ್ಣು ಮುಚ್ಕೊಂತೀನಿ," ಎಂದರು ಸಾಬರು.

"ಇದೇನ್ರೀ ಮಕ್ಕಳಾಟ?"

"ಒತ್ತು ಅಂದೆ."

ಸಾಬರು ಕಣ್ಣು ಮುಚ್ಚಿ ಕಾದರು. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಹೋಯಿತು, ಅದರ ಹಿಂದೆ ಎರಡು ಬೈಕು ಹೋದವು.

"ಒತ್ತೇ, ಯಾಕೆ ಸುಮ್ನಿದ್ದೀಯಾ?"

ಸಾಬರು ಕಣ್ಣು ಬಿಟ್ಟರು. ಅವಳು ಮನೆಯ ಬೀಗದ ಕೈಯ ಮೊನೆಯನ್ನು ಅವರ ನಡುಬೆರಳಿಗೆ ಒತ್ತಿ ಹಿಡಿದುಕೊಂಡೇ ಇದ್ದಳು. ತೋರುಬೆರಳಿನಲ್ಲಿ, ಉಂಗುರದ ಬೆರಳಿನಲ್ಲಿ ಆಗಲೇ ಒತ್ತಿದ ಗುರುತು ಕೆಂಪಗೆ ಬಿದ್ದಿತ್ತು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಸಾಬರಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಮಾತ್ರೆ ನುಂಗಿದರೆ ನುಂಗಿದರು, ಇಲ್ಲದಿದ್ದರೆ ಇಲ್ಲ; ಆಲೆಮನೆಯವರು ಬಿಸಿ ಬೆಲ್ಲ ಕೊಟ್ಟರೆ ಬೇಡ ಅಂದವರಲ್ಲ. ಹೋದ ರಂಜಾನಿನಲ್ಲಿ ಪೇಟೆಬೀದಿಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ನಡೆದು ಬಂದಿದ್ದರು. ಇನ್ನೊಂದು ಎಲ್ಲಿ ಕಳಚಿತೆಂದು ಕಾಲಿಗೆ ಗೊತ್ತೇ ಆಗಿರಲಿಲ್ಲ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಸಾಬರೂ ನಕ್ಕಿದ್ದರು. ಕಾಲಿಗೆ ಬಂದದ್ದು ಕೈಗೂ ಬರುತ್ತದೆಂದು ಆ ದಿನ ಯಾರಿಗೂ ಹೊಳೆಯಲಿಲ್ಲ.

ಮಾರನೇ ದಿನ ಮಧ್ಯಾಹ್ನ ಸಾಬರು ಮಂಡ್ಯದ ಆಸ್ಪತ್ರೆಗೆ ಹೋದರು. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದರು. ನಯನಳ ತಾಯಿ ಮಲ್ಲಿಗಮ್ಮ ಅವರನ್ನು ಕಂಡ ಕೂಡಲೇ ಎದ್ದು ಕುರ್ಚಿ ಬಿಟ್ಟುಕೊಟ್ಟರು.

"ಬನ್ನಿ ಸಾಬ್ರೇ, ಕುಂತ್ಕಳಿ. ನಿಮ್ ಎಸ್ರು ಏಳ್ದೆ ಒಂದ್ ದಿನ ಇಲ್ಲ ಇವ್ಳು. ನೀವೇ ಒಸಿ ಧೈರ್ಯ ಏಳಿ."

ನಯನಳ ಕಾಲಿಗೆ ಸೊಂಟದವರೆಗೂ ಕಟ್ಟು ಹಾಕಿದ್ದರು. ಮುಖ ಇಳಿದುಹೋಗಿತ್ತು. ಆದರೂ ಸಾಬರನ್ನು ನೋಡಿ ನಕ್ಕಳು.

"ಇಂಜಿನ್ ನೋಡಿದ್ರಾ ಚಾಚಾ? ಏನ್ ಮಾಡೋಣ? ರಿಪೇರಿ ಆಯ್ತದಾ? ಇಲ್ಲಾ ಪೂರ್ತಿ ಕಟ್ಬೇಕಾ?"

"ಎರಡೂ ಆಗಲ್ಲ ಕಣಮ್ಮ. ಗೋಡೆ ಒಡೆದದೆ. ಬೇರೆ ಇಂಜಿನ್ನೇ ಹಾಕ್ಬೇಕು. ಅಂಥದ್ದು ನಮ್ಮ ದೇಶದಲ್ಲಿ ಸಿಗಲ್ಲ. ಬೇರೆ ಯಾವ್ದಾದ್ರೂ ಕಾರಿಂದು ಕೂರಿಸ್ಬೇಕು, ಅದಕ್ಕೆ ಆ ಓಟ ಬರಲ್ಲ."

ನಯನ ಕಿಟಕಿಯ ಕಡೆ ಮುಖ ತಿರುಗಿಸಿದಳು. "ತಪ್ಪು ನಂದೇ ಚಾಚಾ. ನೀವು ಅಷ್ಟು ಚೆನ್ನಾಗಿ ಮಾಡ್ಕೊಟ್ಟಿದ್ರಿ, ನಾನೇ ಜಾಸ್ತಿ ತುಳ್ದೆ. ಇನ್ನೊಂದ್ ವಾರ ತಡ್ಕೋಬೇಕಿತ್ತು," ಎಂದಳು.

ಜೋಡಿಸಿಕೊಂಡು ಬಂದ ಮಾತೆಲ್ಲ ಸಾಬರಿಗೆ ಮರೆತುಹೋಯಿತು. ಸುಮ್ಮನಿದ್ದರೆ ಸಾಕಿತ್ತು. ಹೂಂ ಕಣಮ್ಮ, ಹುಡುಗುಬುದ್ಧಿ ಎಂದು ಅವಳ ತಲೆ ಸವರಿ ಎದ್ದುಬಂದಿದ್ದರೆ ನಲವತ್ತೆರಡು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ಆ ಆಸೆ ಅವರ ಮನಸ್ಸಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಬಾಯಿವರೆಗೂ ಬಂತು.

"ನಿನ್ ತಪ್ಪಲ್ಲ ಕಣಮ್ಮ," ಎಂದರು. "ಕ್ರ್ಯಾಂಕು ಸವೆದಿತ್ತು. ನಾನು ನೋಡಿ ಇಲ್ಲ ಅಂದೆ. ನನ್ನ ಬೆರಳು ಸತ್ತೋಗವೆ. ಮುಟ್ಟಿದ್ದು ಗೊತ್ತಾಗಲ್ಲ. ಗೊತ್ತಾಗ್ದೇ ಇದ್ದದ್ದನ್ನ ನುಣುಪು ಅನ್ಕೊಂಡೆ."

ಬ್ಯಾಂಡೇಜು ಸುತ್ತಿದ ಹೆಬ್ಬೆರಳನ್ನು ಅವಳ ಮುಂದೆ ಹಿಡಿದರು. ಮಲ್ಲಿಗಮ್ಮ ಬಾಯಿ ತೆರೆದುಕೊಂಡು ನಿಂತಿದ್ದರು. ನಯನ ಆ ಬೆರಳನ್ನು ನೋಡಲಿಲ್ಲ.

"ಅಕೀಲಣ್ಣ ಫೋನ್ ಮಾಡಿದ್ರು," ಎಂದಳು. ದನಿಯಲ್ಲಿ ಜೀವವಿರಲಿಲ್ಲ. "ಕಾರ್ ತಗೊಂಡ್ ಹೋದ ದಿನ ಸಾಯಂಕಾಲ. ಮೂರನೇದು ಸವೆದದೆ ಮೇಡಂ, ಮಾಮೂಗೆ ಹೇಳ್ಬೇಡಿ, ಒಂದ್ಸಲ ಬೇರೆ ಕಡೆ ಬಿಚ್ಸಿ ಅಳತೆ ನೋಡ್ಸಿ ಅಂದ್ರು. ನಾನು ಬೈದೆ. ಚಾಚಾನ ಉಗುರಿಗಿಂತ ನಿನ್ ಮೀಟರ್ ದೊಡ್ದಾ, ಅನ್ನ ಹಾಕ್ದೋರ್ ಮೇಲೇ ಚಾಡಿ ಹೇಳ್ತೀಯಾ ಅಂತ ಬಾಯಿಗ್ ಬಂದಂಗೆ ಬೈದ್ಬುಟ್ಟೆ."

ಸಾಬರು ಮುಖ ಮುಚ್ಚಿಕೊಂಡು ಅಳತೊಡಗಿದರು. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುದುಕರೊಬ್ಬರು ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನೋಡಲಾಗದೆ ಮಲ್ಲಿಗಮ್ಮ ನೀರಿನ ಬಾಟಲು ತಂದರು. ನಯನ ಕೈ ಎತ್ತಿ ತಾಯಿಯನ್ನು ತಡೆದಳು.

"ಡಾಕ್ಟ್ರು ಇನ್ಮೇಲೆ ಓಡೋಕಾಗಲ್ಲ ಅಂದವ್ರೆ ಚಾಚಾ. ಮಕ್ಕಳಿಗೆ ಓಡೋದ್ ಕಲಿಸೋದೇ ನನ್ ಕೆಲಸ. ನೀವ್ ಅತ್ರೆ ನನ್ ಮಂಡಿ ಬರಲ್ಲ. ಕಾರ್‌ನ ಗುಜರಿಗೆ ಹಾಕ್ಬುಡಿ, ಯಾವ ಇಂಜಿನ್ನೂ ಬೇಡ. ಒಂದೇ ಒಂದು ಹೇಳಿ. ಯಾವತ್ತಿಂದ ನಿಮ್ಗೆ ಗೊತ್ತಾಗ್ತಿಲ್ಲ?"

ಸಾಬರು ತಲೆ ಎತ್ತಿದರು. ಆ ಪ್ರಶ್ನೆ ಅವರಿಗೆ ಅಲ್ಲಿಯವರೆಗೂ ಹೊಳೆದೇ ಇರಲಿಲ್ಲ.

"ನನ್ ಕಾರಿಗೆ ಮುಂಚೆ ಎಷ್ಟು ಗಾಡಿ ನೋಡಿದ್ರಿ?" ನಯನಳ ದನಿ ಏರಿತು. "ಅವ್ರೆಲ್ಲ ನನ್ ತರಾನೇ ಅಲ್ವಾ, ನೀವು ಹೇಳಿದ್ರಿ ಅಂತ ಓಡಿಸ್ತಾ ಇರೋರು? ಇಲ್ಲಿ ಕೂತು ಏನ್ ಮಾಡ್ತಿದ್ದೀರಾ? ಎದ್ದು ಹೋಗಿ ಅವ್ರನ್ನ ನಿಲ್ಸಿ. ಹೋಗಿ ಚಾಚಾ!"

ಸಾಬರು ಆಸ್ಪತ್ರೆಯ ಗೇಟಿನ ಹತ್ತಿರ ಬಂದು ಅಕೀಲನಿಗೆ ಫೋನ್ ಮಾಡಿದರು. ಮೊದಲ ಸಲ ಅವನು ಎತ್ತಲಿಲ್ಲ. ಎರಡನೇ ಸಲ ಎತ್ತಿದ. ಸಾಬರು ನಡೆದದ್ದನ್ನೆಲ್ಲ ಹೇಳಿದರು. ಬೋಲ್ಟಿನ ಮಾತು ಆಡಿದ್ದಕ್ಕೆ ತಪ್ಪಾಯಿತು ಎಂದರು. ಅತ್ತ ಲೇತ್ ಯಂತ್ರದ ಸದ್ದು ನಿಂತಿತು.

"ಅಲ್ಲೇ ಇರಿ, ಬತ್ತಾ ಇದ್ದೀನಿ," ಎಂದ ಅಕೀಲ್.

ಮದ್ದೂರಿನಿಂದ ಬಂದವನು ಕ್ಷಮೆಯ ಮಾತೂ ಆಡಲಿಲ್ಲ, ಸಿಟ್ಟಿನ ಮಾತೂ ಆಡಲಿಲ್ಲ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಮಾವನನ್ನು ಕೂರಿಸಿಕೊಂಡು, "ನೆನಪು ಮಾಡ್ಕೊಳ್ಳಿ ಮಾಮೂ. ಉಗುರಿಗೆ ಏನಾದ್ರೂ ಸಿಕ್ಕಿದ್ದು ಕಡೇ ಸಲ ಯಾವಾಗ?" ಎಂದ.

ಸಾಬರು ಯೋಚಿಸಿದರು. ಇತ್ತೀಚೆಗೆ ಬಂದ ಕ್ರ್ಯಾಂಕುಗಳೆಲ್ಲ ಚೆನ್ನಾಗಿದ್ದವು ಎಂಬ ನೆನಪಷ್ಟೇ ಅವರಿಗಿತ್ತು. ಯಾವುದನ್ನೂ ಲೇತ್‌ಗೆ ಕಳಿಸಿರಲಿಲ್ಲ. ಈಗಿನವರು ಒಳ್ಳೇ ಎಣ್ಣೆ ಹಾಕುತ್ತಾರೆ, ಅದಕ್ಕೇ ಸವೆಯುವುದಿಲ್ಲ ಎಂದು ಟೀ ಅಂಗಡಿಯಲ್ಲಿ ಭಾಷಣ ಬೇರೆ ಮಾಡಿದ್ದರು. ಕೊಕ್ಕರೆ ಬೆಳ್ಳೂರಿನ ಅಂಕಯ್ಯನ ಗೂಡ್ಸ್ ಗಾಡಿ, ವೈದ್ಯನಾಥಪುರದ ಟ್ಯಾಕ್ಸಿ, ಮಳವಳ್ಳಿಯ ಮದುವೆ ಸಾಮಾನಿನ ಟೆಂಪೋ. ಒಂದೊಂದೇ ನೆನಪಾಗುತ್ತಾ ಹೋಯಿತು. ಅಕೀಲ್ ಹೆಸರು ಬಂದ ಹಾಗೆಲ್ಲ ಫೋನ್ ಹಚ್ಚುತ್ತಿದ್ದ. ಅಂಕಯ್ಯ ಬೈದು, ಗಾಡಿ ನಿಲ್ಲಿಸಲು ಒಪ್ಪಿದ. ಟ್ಯಾಕ್ಸಿಯವನು ಮೊನ್ನೆಯೇ ಅದನ್ನು ಮಾರಿದ್ದ. ಕೊಂಡವನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಟೆಂಪೋದವನ ಫೋನ್ ಸ್ವಿಚ್ ಆಫ್ ಆಗಿತ್ತು.

"ಇನ್ನೂ ಮಾಮೂ? ಇನ್ನೂ ಯಾವ್ದು?"

ಸಾಬರು ಥಟ್ಟನೆ ಎದ್ದು ನಿಂತರು. "ಯಾ ಅಲ್ಲಾ! ಬಸರಾಳಿನ ಮರಿಸಿದ್ದಯ್ಯನ ವ್ಯಾನು!"

ಮರಿಸಿದ್ದಯ್ಯ ಬಸರಾಳಿನಲ್ಲಿ ಶಾಲೆಯ ಮಕ್ಕಳನ್ನು ಸುತ್ತಲಿನ ಊರುಗಳಿಗೆ ಬಿಡುವವನು. ನಾಲ್ಕು ತಿಂಗಳ ಹಿಂದೆ ಅವನ ಇಂಜಿನ್ನಿಗೂ ಅದೇ ಉಗುರು, ಅದೇ ನುಣುಪು. ಸಾಬರು ತಾವೇ ಫೋನ್ ಹಚ್ಚಿದರು. ಆಗ ಗಂಟೆ ನಾಲ್ಕೂಕಾಲು. ಮರಿಸಿದ್ದಯ್ಯ ಎತ್ತಿದಾಗ ಹಿಂದೆ ಮಕ್ಕಳ ಗಲಾಟೆ ಕಿವಿ ತೂತಾಗುವಷ್ಟು ಕೇಳಿಸಿತು.

"ಏನ್ ಸಾಬ್ರೇ, ಅಪ್ರೂಪಕ್ಕೆ?"

"ಮರಿಸಿದ್ದಯ್ಯ, ಗಾಡಿ ತೆಗೀಬೇಡ. ಮಕ್ಕಳನ್ನ ಇಳ್ಸು. ನಿನ್ನ ಇಂಜಿನ್ ಸರಿ ಇಲ್ಲ."

"ಊ ಕನಾ, ಒಂದ್ ವಾರದಿಂದ ಒಸಿ ಟಕಟಕ ಅಂತಾದೆ," ಎಂದ ಅವನು ನಗುತ್ತಾ. "ನಮ್ ಭಾವಮೈದ ಬಿಚ್ಸು ಅಂದ. ಸಾಬ್ರ ಉಗುರು ನೋಡಿರೋ ಇಂಜಿನ್ನು, ಸುಮ್ನಿರ್ಲಾ ಅಂತ ಬಯ್ದು ಕಳುಸ್ದೆ."

"ಆ ಉಗುರು ಸುಳ್ಳು ಕಣಯ್ಯಾ! ನನ್ನ ಕೈ ಸತ್ತೋಗದೆ, ನಾನು ನೋಡಿದ್ದು ಯಾವ್ದೂ ಸರಿ ಇಲ್ಲ, ನಿನ್ನ ಕಾಲ್ ಹಿಡ್ಕೊಂತೀನಿ, ಮಕ್ಕಳನ್ನ ಇಳ್ಸು!"

"ಅಯ್, ಬುಡಿ ಸಾಬ್ರೇ. ನೀವೇ ಇಂಗಂದ್ರೆ ಎಂಗೆ? ವಯಸ್ಸಾಯ್ತು, ಅದ್ಕೇ ಅಂಗೆಲ್ಲ ಅನ್ನುಸ್ತದೆ. ನಿಮ್ ಕೈ ಮೇಲೆ ನಿಮ್ಗಿಂತ ನಂಗೇ ಜಾಸ್ತಿ ನಂಬ್ಕೆ ಅದೆ. ನಾಳೆ ಬತ್ತೀನಿ, ನೋಡುವ್ರಂತೆ. ಮಕ್ಳು ಗಲಾಟೆ ಮಾಡ್ತಾವೆ, ಇಡ್ತೀನಿ."

ಇಡುವ ಮುಂಚೆ ಅವನು ಚಾವಿ ತಿರುಗಿಸಿದ. ಇಂಜಿನ್ ಹತ್ತಿಕೊಂಡಿತು. ಸಾಬರ ಕಿವಿಗೆ ಏನೂ ಆಗಿರಲಿಲ್ಲ. ಮಕ್ಕಳ ಕೂಗಿನ ಅಡಿಯಲ್ಲಿ ಕ್ರ್ಯಾಂಕಿನ ಬಡಿತ ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಒಸಿ ಅಲ್ಲ, ಜೋರಾಗಿಯೇ ಬಡಿಯುತ್ತಿತ್ತು. ಫೋನ್ ಕಟ್ಟಾಯಿತು.

ಅಕೀಲ್ ಆಗಲೇ ಬೈಕಿನ ಕಿಕ್ ಹೊಡೆದಿದ್ದ. ಸಾಬರು ಹಿಂದೆ ಹತ್ತಿ ಕೂತರು. ಬಸರಾಳು ಅಲ್ಲಿಂದ ಇಪ್ಪತ್ತು ಕಿಲೋಮೀಟರಿಗೂ ಮೇಲೆ, ನಡುವೆ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ರಸ್ತೆ ತುಂಬಾ. ಸಾಬರು ಅಕೀಲನ ಹೆಗಲಿನ ಮೇಲೆ ಫೋನ್ ಹಿಡಿದುಕೊಂಡು, ಗುಂಡಿ ಒತ್ತಿದ್ದು ಬೆರಳಿಗೆ ತಿಳಿಯದೆ ಕಣ್ಣಿಟ್ಟು ನೋಡಿಕೊಂಡು, ಮತ್ತೆ ಮತ್ತೆ ಮರಿಸಿದ್ದಯ್ಯನ ನಂಬರು ಒತ್ತಿದರು. ಗಂಟೆ ಹೊಡೆಯುತ್ತಲೇ ಇತ್ತು. ಮರಿಸಿದ್ದಯ್ಯ ಒಳ್ಳೆಯ ಡ್ರೈವರು. ಮಕ್ಕಳನ್ನು ಕೂರಿಸಿಕೊಂಡು ಗಾಡಿ ಓಡಿಸುವಾಗ ಅವನು ಯಾರ ಫೋನನ್ನೂ ಎತ್ತುತ್ತಿರಲಿಲ್ಲ.